ಅರಸರು ಮುಂದೂಡಿದ ಮದುವೆ

ಸಾನ್ ರೋಕೆ
20 ಆಗಸ್ಟ್ 1724

ಅಕ್ಕಾ ಲಿಯೊಕಾದಿಯಾ,

ಅರಸ ಸತ್ತ. ಸಾಯಲಿ, ಎಲ್ಲರೂ ಸಾಯ್ತಾರೆ. ಆದರೆ ಇನ್ನೊಂದು ವಾರ ತಡೆದು ಸಾಯೋಕೆ ಅವನಿಗೇನು ರೋಗ ಬಂದಿತ್ತು?

ಬರೋ ಗುರುವಾರ ನನ್ನ ಮದುವೆ. ಇತ್ತು. ಈಗಿಲ್ಲ. ಮೆಕ್ಕೆಜೋಳದ ಚಿಚಾ ಹುದುಗಿ ಮಡಕೆಯಲ್ಲಿ ಗುಳುಗುಳು ಅಂತಿದೆ, ಹಂದಿ ಕೊಬ್ಬಿ ನಿಂತಿದೆ, ನಾನು ಎರಡು ತಿಂಗಳು ಕೂತು ಕಟ್ಟಿದ ಬಾಣಬಿರುಸು ಒಣಗಿ ಕಿಡಿಗೆ ಕಾಯ್ತಿದೆ. ನಿನ್ನೆ ರಾಜಧಾನಿ ಸಾಂತಾ ಫೆಯಿಂದ ಕುದುರೆ ಸವಾರನೊಬ್ಬ ಬಂದು ನನ್ನ ಮಾವ ಆಗಬೇಕಾದ ಡಾನ್ ಕಾಸಿಮಿರೊ ಕೈಗೆ ಸರ್ಕಾರಿ ಕಾಗದ ಕೊಟ್ಟ. ನಿನಗೆ ಗೊತ್ತಲ್ಲ, ಊರಲ್ಲಿ ಅರಸನ ಬಾವುಟ ಹಿಡಿಯೋ ಹಕ್ಕು ಅವರ ಮನೆತನದ್ದು. ಅದಕ್ಕೇ ಸಮುದ್ರದಾಚೆ ಸ್ಪೇನಲ್ಲಿ ಅರಸನಿಗೆ ಸೀನು ಬಂದರೂ ಈ ಮನುಷ್ಯ ಇಲ್ಲಿ ಮೂಗು ಒರೆಸಿಕೊಳ್ತಾರೆ.

ಚೌಕದ ನಡುವೆ ನಿಂತು ಗಟ್ಟಿಯಾಗಿ ಓದೋಕೆ ಶುರು ಮಾಡಿದರು. "ನಮ್ಮ ಒಡೆಯರಾದ ಸ್ಪೇನಿನ ಅರಸ ಮೊದಲನೇ ಲೂಯಿಸ್..."

ಅಲ್ಲೇ ನಿಂತರು. "ಲೂಯಿಸ್ ಅರಸರಾ? ಮತ್ತೆ ನಮ್ಮ ಫೆಲಿಪೆ?"

ಹೊಸ ಹೆಸರು ಬಂದರೆ ಹಳೇ ಅರಸ ಹೋದ ಅಂತಲೇ ಅಲ್ವಾ, ಪಾದ್ರಿ ಎವರಿಸ್ತೊ ಟೋಪಿ ತೆಗೆದರು. ಡಾನ್ ಕಾಸಿಮಿರೊ ಧೂಳಲ್ಲೇ ಕೂತು ಎದೆ ಬಡಿದುಕೊಂಡು ಅತ್ತರು. ಅಷ್ಟರಲ್ಲಿ ಯಾರೋ ಹೋಗಿ ಸಾವಿನ ಗಂಟೆ ಹೊಡೆದಾಗಿತ್ತು. ಕಾಗದದಲ್ಲಿ ಓದೋಕೆ ಇನ್ನೂ ನಾಲ್ಕು ಹಾಳೆ ಉಳಿದಿತ್ತು. ಅದು ಯಾರಿಗೆ ಬೇಕು, ಬರೀ ಕಾನೂನು.

ನಾನು ಹತ್ತಿರ ಹೋಗಿ ಕೇಳಿದೆ. "ಮಾವ, ಗುರುವಾರದ್ದು?"

"ಏನು ಗುರುವಾರ?"

"ಮದುವೆ."

"ಅಯೋಗ್ಯ ನನ್ಮಗನೇ! ಇಡೀ ಸಾಮ್ರಾಜ್ಯಕ್ಕೆ ತಂದೆ ಇಲ್ಲದಂಗಾಗಿದೆ, ನಿನಗೆ ಮದುವೆ!"

"ನಮ್ಮಪ್ಪ ಸತ್ತ ಮೂರನೇ ದಿನ ನೀವೇ ಬಂದು ಹಬ್ಬಕ್ಕೆ ಬಾಣ ಕಟ್ಟಿಸ್ಕೊಂಡು ಹೋದ್ರಿ. ಆಗ ತಂದೆ ಅನ್ನೋ ಮಾತು ಬರಲಿಲ್ಲ."

ಕೆನ್ನೆಗೆ ಬಿಟ್ಟರು. ನಾನು ತಿರುಗಿಸಿ ಕೊಡಲಿಲ್ಲ. ಅವರ ಮಗಳು ಮಿಕಾಯೆಲಾ, ನನ್ನವಳು, ಕಿಟಕಿಯಿಂದ ನೋಡ್ತಿದ್ದಳು, ಅದಕ್ಕೆ.

ಈಗ ಆರು ತಿಂಗಳು ಸೂತಕ. ಕುಣಿತ ಇಲ್ಲ, ಗಿಟಾರ್ ಇಲ್ಲ, ಗೂಳಿ ಓಡಿಸೋ ಹಾಗಿಲ್ಲ, ಒಂದು ಚಿಟಿಕೆ ಮದ್ದು ಸುಡೋ ಹಾಗಿಲ್ಲ. ಊರಲ್ಲಿ ಕರಿಬಟ್ಟೆ ಸಾಲದೆ ಜನ ಮಸಿಯಲ್ಲಿ ಬಟ್ಟೆ ಅದ್ದುತ್ತಿದ್ದಾರೆ. ಬೆವರಿದರೆ ಕುತ್ತಿಗೆಯೆಲ್ಲ ಕಪ್ಪು. ಸೂತಕ ಮುಗಿಯೋ ಹೊತ್ತಿಗೆ ತಪಸ್ಸುಕಾಲ ಬರುತ್ತೆ, ಆ ನಲವತ್ತು ದಿನದ ಉಪವಾಸದಲ್ಲಿ ಚರ್ಚಿನಲ್ಲಿ ಮದುವೆ ಮಾಡಲ್ಲ. ತಪಸ್ಸುಕಾಲ ಕಳೆದು ಈಸ್ಟರ್ ಬಂದರೆ ಮಿಕಾಯೆಲಾಳನ್ನ ಕೇಳೋಕೆ ಡಾನ್ ಫುಲ್ಹೆನ್ಸಿಯೊ ಬರ್ತಾನೆ. ಪಕ್ಕದೂರಿನ ವಿಧುರ. ಹೇಸರಗತ್ತೆ ನಲವತ್ತಿವೆ, ಹಲ್ಲು ನಾಲ್ಕೂ ಇಲ್ಲ. "ತಪಸ್ಸುಕಾಲಕ್ಕೆ ಮುಂಚೆ ನಿನ್ನದು ಆಗದಿದ್ರೆ ಅವನ ಮಾತು ಕೇಳಬೇಕಾಗುತ್ತೆ" ಅಂತ ಮಾವ ಅಂದರು.

ಅಕ್ಕಾ, ನೀನು ಬಂದರಿನಲ್ಲಿ ದೊಡ್ಡವರ ಮನೇಲಿ ಅಡುಗೆ ಮಾಡ್ತೀಯ. ಯಾರನ್ನಾದರೂ ಕೇಳು, ಅರಸನ ಸೂತಕ ಕಮ್ಮಿ ಮಾಡೋಕೆ ದಾರಿ ಇದೆಯಾ ಅಂತ.

ನಿನ್ನ ತಮ್ಮ,
ಒನೋಫ್ರೆ


ಕಾರ್ತಹೇನಾ
3 ಅಕ್ಟೋಬರ್ 1724

ಒನೋಫ್ರೆ,

ಮೊದಲು ಕೂತ್ಕೋ. ಕೈಯಲ್ಲಿ ಮದ್ದಿನ ಡಬ್ಬಿ ಇದ್ದರೆ ಕೆಳಗಿಡು.

ಅರಸ ಸತ್ತಿಲ್ಲ.

ನಿನ್ನೆ ನಮ್ಮ ಯಜಮಾನರ ಮನೆಗೆ ಹಡಗಿನ ಕಪ್ತಾನ ಊಟಕ್ಕೆ ಬಂದಿದ್ದ. ಚಾಕೊಲೇಟ್ ಬಡಿಸುತ್ತಾ ನಾನೇ ಕೇಳಿದೆ. "ಪಾಪ, ನಮ್ಮ ಫೆಲಿಪೆ ಅರಸರಿಗೆ ಏನಾಗಿತ್ತು?" ಅವನು ಪೆದ್ದನ ಹಾಗೆ ನನ್ನ ಮುಖ ನೋಡಿದ. "ಏನಾಗಿಲ್ಲಮ್ಮ, ಗಟ್ಟಿಮುಟ್ಟಾಗಿದ್ದಾರೆ. ಕಿರೀಟ ಮಗನಿಗೆ ಕೊಟ್ಟು ಬೆಟ್ಟದ ಬುಡದ ಅರಮನೆಗೆ ಹೋದರು. ಪ್ರಾರ್ಥನೆ ಮಾಡ್ತಾರೆ, ತೋಟ ನೋಡ್ಕೊಳ್ತಾರೆ. ಸಾಕಾಯ್ತಂತೆ."

ಸಾಕಾಯ್ತಂತೆ! ಹದಿನಾಲ್ಕು ವರ್ಷದಿಂದ ನನಗೂ ಈ ಒಲೆ ಸಾಕಾಗಿದೆ. ಸೌಟು ಕೈಗಿಟ್ಟು ಹೋಗೋಣ ಅಂದರೆ ಒಬ್ಬ ಮಗ ಇಲ್ಲ.

ನಿಮ್ಮ ಕಾಗದದಲ್ಲೂ ಇದೇ ಬರೆದಿರಬೇಕು. ಆ ಉಳಿದ ನಾಲ್ಕು ಹಾಳೆಯಲ್ಲಿ. ಹೋಗಿ ಓದಿ. ಬದುಕಿರೋ ಅರಸನಿಗೆ ಸತ್ತವರ ಪೂಜೆ ಮಾಡಿದ್ದೀರಿ, ಇದು ಹಗುರವಾದ ಮಾತಲ್ಲ. ಡಾನ್ ಕಾಸಿಮಿರೊ ಮರ್ಯಾದೆಯ ಮನುಷ್ಯ. ಅವರೊಬ್ಬರೇ ಇದ್ದಾಗ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಮೆತ್ತಗೆ ಹೇಳು. ನಿನ್ನನ್ನು ಶಾಲೆಯಿಂದ ಓಡಿಸಿದ್ದು ಯಾಕೆ ಅಂತ ನೆನಪಿಟ್ಕೋ. ಪಾದ್ರಿಯ ಲೆಕ್ಕ ತಪ್ಪು ಅಂದಿದ್ದಕ್ಕಲ್ಲ. ಮಸಿಕುಡಿಕೆ ಎಸೆದು ಅಂದಿದ್ದಕ್ಕೆ.

ಮಿಕಾಯೆಲಾಗೆ ನನ್ನ ಮುತ್ತು.

ಅಕ್ಕ


ಸಾನ್ ರೋಕೆ
15 ನವೆಂಬರ್ 1724

ಅಕ್ಕಾ,

ಮೆತ್ತಗೆ ಹೇಳಬೇಕು ಅಂತಲೇ ಹೊರಟೆ. ಭಾನುವಾರ ಪೂಜೆ ಮುಗಿದ ಮೇಲೆ ಪಕ್ಕಕ್ಕೆ ಕರೆಯೋಣ ಅಂತಿದ್ದೆ. ಆದರೆ ಪಾದ್ರಿ ನಡುವೆ ಕೈ ಎತ್ತಿ "ನಮ್ಮನ್ನಗಲಿದ ಫೆಲಿಪೆ ಅರಸರ ಆತ್ಮಕ್ಕೆ" ಅಂದರು. ತಡೆಯೋಕೆ ಆಗಲಿಲ್ಲ. "ಬದುಕಿದ್ದಾನೆ!" ಅಂತ ಕೂಗಿಬಿಟ್ಟೆ.

ಮುಂದಿನ ಸಾಲಿನ ಇಬ್ಬರು ಹೆಂಗಸರು, ಯೇಸು ಸತ್ತ ಲಾಜರನನ್ನು ಎಬ್ಬಿಸಿದ ಹಾಗೇ ಏನೋ ಆಯ್ತು ಅಂದುಕೊಂಡು ಮಂಡಿಯೂರಿದರು. ನನ್ನನ್ನು ಎಳೆದುಕೊಂಡು ಹೋಗಿ ಊರಸಭೆಯ ಕೋಣೆಯಲ್ಲಿ ಕೂಡಿಹಾಕಿದರು. ಒಳಗಿನಿಂದಲೇ ಕಿರುಚಿದೆ. "ಎರಡನೇ ಹಾಳೆ ಓದ್ರೋ, ಎರಡನೇ ಹಾಳೆ!"

ಓದಿದರು. ಇತ್ತು.

ಬಾಗಿಲು ತೆಗೆದಾಗ ಡಾನ್ ಕಾಸಿಮಿರೊ ಮುಖ ಬೇಯಿಸಿದ ಆಲೂಗಡ್ಡೆ ಆಗಿತ್ತು. "ಬಿಡೋದು ಅಂದ್ರೇನು?" ಅಂತ ಒಬ್ಬೊಬ್ಬರನ್ನೂ ಹಿಡಿದು ಕೇಳಿದರು. "ಅರಸ ಕೆಲಸ ಬಿಡೋದು ಅಂದ್ರೇನು? ನಾಳೆ ನಾನು ಎದ್ದು, ಇವತ್ತಿಂದ ಅಪ್ಪನ ಕೆಲಸ ಬಿಟ್ಟೆ ಅಂದ್ರೆ?"

ಹಿಂದಿನಿಂದ ಮಿಕಾಯೆಲಾ, "ಒಂದ್ಸಲ ಬಿಟ್ಟು ನೋಡಿ ಅಪ್ಪಾ" ಅಂದಳು.

ಮಾವನ ತಾಯಿ, ಆ ಮುದುಕಿ, ಇನ್ನೂ ಫೆಲಿಪೆಗಿಂತ ಮೊದಲು ಸ್ಪೇನ್ ಆಳಿದ ಹಳೇ ಆಸ್ಟ್ರಿಯಾ ಮನೆತನದ ಕಡೆ. "ನಮ್ಮ ಕಾರ್ಲೋಸ್ ಅರಸರೇ ಚೆನ್ನಾಗಿದ್ರು. ಮಕ್ಕಳಾಗಲಿಲ್ಲ, ನಡೆಯೋಕೆ ಆಗ್ತಿರಲಿಲ್ಲ, ಅಗಿಯೋಕೆ ಆಗ್ತಿರಲಿಲ್ಲ. ಆದ್ರೂ ಸಾಯೋವರೆಗೆ ಕೂತಿದ್ರು. ಈ ಫ್ರಾನ್ಸಿನ ಮನೆತನ ತಂದ್ರಲ್ಲ, ಅನುಭವಿಸಿ."

"ಆಸ್ಟ್ರಿಯಾದವರಲ್ಲೂ ಒಬ್ಬ ಕಿರೀಟ ಬಿಟ್ಟಿದ್ದಮ್ಮ, ನಮ್ಮ ಮುತ್ತಜ್ಜರ ಕಾಲಕ್ಕೆ" ಅಂದರು ಪಾದ್ರಿ.

"ನೀವು ಸುಮ್ನಿರಿ. ಬದುಕಿರೋರಿಗೆ ಸತ್ತವರ ಪೂಜೆ ಮಾಡೋ ಪಾದ್ರಿ ನೀವು."

ಪಾದ್ರಿ ಗಂಟಲು ಸರಿಮಾಡಿಕೊಂಡರು. "ಮಾಡಿದ ಪೂಜೆ ವಾಪಸ್ ತಗೊಳ್ಳೋಕೆ ಬರಲ್ಲ. ಮುಂಗಡ ಅಂದ್ಕೊಳ್ಳೋಣ."

ಹಾಗೆ ಸೂತಕ ಹೋಯ್ತು! ಈಗ ಹೊಸ ಅರಸ ಲೂಯಿಸ್‌ಗೆ ಬಾವುಟ ಏರಿಸಿ ಇವನೇ ಅರಸ ಅಂತ ಊರಿಗೆ ಸಾರಬೇಕು. ಫೆಬ್ರವರಿ 4, ಭಾನುವಾರ. ತಪಸ್ಸುಕಾಲ ಶುರುವಾಗೋಕೆ ಹತ್ತು ದಿನ ಮೊದಲು. ಚೌಕದಲ್ಲಿ ಅಟ್ಟಣಿಗೆ ಕಟ್ತಾರೆ, ಗೂಳಿ ಬಿಡ್ತಾರೆ, ಬಾಣಬಿರುಸು ಪೂರ್ತಿ ನನ್ನದು. ಅರಸನ ಕೆಲಸ ಮೊದಲು, ಮನೆಯದು ಆಮೇಲೆ ಅಂತ ಮಾವನ ಹಟ, ಅದಕ್ಕೆ ಅದೇ ಮಧ್ಯಾಹ್ನ ನನ್ನ ಮದುವೆ. ಮಾವ ಬೆರಳು ಎತ್ತಿ ಹೇಳಿದ್ದಾರೆ, "ಬಾವುಟ ಏರಿದರೆ ಉಂಗುರ ಏರಿದ ಹಾಗೆ." ಬಾವುಟ ಏರದಿದ್ದರೆ ಫುಲ್ಹೆನ್ಸಿಯೊ.

ಬಾವುಟಕ್ಕೂ ಒಂದು ಕಥೆ ಇದೆ. ಇರೋದೊಂದೇ ಬಾವುಟ, ಅದರ ಮೇಲೆ ಹಳೇ ಮನೆತನದ ಎರಡು ತಲೆ ಹದ್ದು. ಫೆಲಿಪೆ ಬಂದಾಗ ಯುದ್ಧ ಅಂತ ಯಾರೂ ಬದಲಿಸಿರಲಿಲ್ಲ. ಈಗ ಮಿಕಾಯೆಲಾ ಅದರ ಮೇಲೆ ಹೊಸ ಮನೆತನದ ಲಿಲ್ಲಿ ಹೂ ಕಸೂತಿ ಹಾಕ್ತಿದ್ದಾಳೆ. ನೋಡಿದರೆ ಬೆಳ್ಳುಳ್ಳಿ ಗೊಂಚಲು. ಹದ್ದಿನ ಒಂದು ತಲೆ ಇನ್ನೂ ಸಂದಿಯಲ್ಲಿ ಇಣುಕ್ತಿದೆ. ಹೇಳಿದ್ದಕ್ಕೆ ಸೂಜಿ ಚುಚ್ಚಿದಳು.

ನೀನು ಬರೋಕಾಗಲ್ಲ ಅಂತ ಗೊತ್ತು. ಆದರೂ ಬಾ.

ಒನೋಫ್ರೆ


ಕಾರ್ತಹೇನಾ
28 ಡಿಸೆಂಬರ್ 1724

ತಮ್ಮಾ,

ತಾರೀಖು ನೋಡಿ ತಮಾಷೆ ಅಂದುಕೊಳ್ಳಬೇಡ. ಇವತ್ತು ಹಸುಳೆಗಳ ಹಬ್ಬ, ಊರಿಗೆ ಊರೇ ಸುಳ್ಳು ಹೇಳಿ ಒಬ್ಬರನ್ನೊಬ್ಬರು ಬೇಸ್ತು ಬೀಳಿಸೋ ದಿನ ಅಂತ ನನಗೂ ಗೊತ್ತು. ಬೆಳಿಗ್ಗೆ ನಮ್ಮ ಒಡತಿ ನನ್ನ ಸಕ್ಕರೆ ಡಬ್ಬಕ್ಕೆ ಉಪ್ಪು ತುಂಬಿಸಿದ್ದಳು. ಆದರೆ ಇದು ನಿಜ. ಕಪ್ತಾನ ಶಿಲುಬೆ ಮುಟ್ಟಿ ಹೇಳಿದ.

ಹೊಸ ಅರಸ ಲೂಯಿಸ್ ತೀರಿಹೋದ. ಸಿಡುಬು. ಆಗಸ್ಟ್ ಕೊನೆಯಲ್ಲೇ. ನೀವು ಊರಲ್ಲಿ ಫೆಲಿಪೆಗೆ ಅಳ್ತಿದ್ದಾಗಲೇ ಸ್ಪೇನಲ್ಲಿ ಇವನು ಹೋಗಿದ್ದಾನೆ. ಮಗ ಹೋದ ಮೇಲೆ ಅಪ್ಪನನ್ನೇ ತೋಟದಿಂದ ಕರೆತಂದು ಮತ್ತೆ ಕೂರಿಸಿದ್ದಾರೆ. ಅಂದರೆ ನೀವು ಸತ್ತ ಅಂತ ಪೂಜೆ ಮಾಡಿಸಿದವನು ಅರಸ. ನೀವು ಅರಸ ಅಂತ ಬಾವುಟ ಏರಿಸೋಕೆ ಹೊರಟವನು ಮಣ್ಣಲ್ಲಿದ್ದಾನೆ.

ನಿನ್ನ ಮದುವೆ ಮತ್ತೆ ಮುಂದೆ ಹೋಗುತ್ತೆ. ನನಗೂ ಬೇಜಾರು ಕಣೋ. ಆದರೂ ದೇವರ ಮುಂದೆ ನಿಂತು ಸತ್ತವನಿಗೆ "ಚಿರಾಯುವಾಗು" ಅಂತ ಪ್ರಮಾಣ ಮಾಡೋದು ಪಾಪ. ಸರ್ಕಾರಿ ಕಾಗದ ಸಾಂತಾ ಫೆ ಸುತ್ತಿಕೊಂಡು ನಿಧಾನಕ್ಕೆ ಬರುತ್ತೆ. ನನ್ನದು ಮೊದಲು ಮುಟ್ಟುತ್ತೆ. ಮುಟ್ಟಿದ ಕೂಡಲೇ ಡಾನ್ ಕಾಸಿಮಿರೊಗೆ ಹೇಳು. ಈ ಸಲ ಬೇಕಾದರೆ ಕೂಗಿಯೇ ಹೇಳು.

ಈ ಕಾಗದವನ್ನು ಹೇಸರಗತ್ತೆ ಹೊಡೆಯೋ ಸೆರಾಪಿಯೊ ಕೈಲಿ ಕಳಿಸ್ತಿದ್ದೀನಿ. ಅವನಿಗೆ ಓದೋಕೆ ಬರಲ್ಲ, ಭಯವಿಲ್ಲ.

ಅಕ್ಕ


ಸಾನ್ ರೋಕೆ
24 ಜನವರಿ 1725

ಪ್ರೀತಿಯ ಅಕ್ಕನಿಗೆ,

ನಿನ್ನ ಡಿಸೆಂಬರ್ 28ರ ಕಾಗದ ನನಗೆ ಬಂದಿಲ್ಲ.

ಸೆರಾಪಿಯೊ ಚೀಲ ಹೊಳೆಗೆ ಬಿದ್ದು ಹೋಯ್ತಂತೆ. ಅದರಲ್ಲಿ ಏನು ಬರೆದಿದ್ದೆಯೋ ದೇವರಿಗೇ ಗೊತ್ತು. ಮುಖ್ಯವಾದ್ದೇನೂ ಇರಲಾರದು. ನನಗಂತೂ ಸಿಡುಬಿನ ವಿಷಯ ಒಂದೂ ಗೊತ್ತಿಲ್ಲ. ಅಲ್ಲದೆ ಆ ತಾರೀಖಿನಲ್ಲಿ ಯಾರು ಏನು ಬರೆದರೂ ತಮಾಷೆ ಅಂತ ತಿಳಿಯೋದು ಒಳ್ಳೇ ಕ್ರೈಸ್ತನ ಧರ್ಮ.

ನಾನು ಆರೋಗ್ಯವಾಗಿದ್ದೇನೆ. ಹವಾಮಾನ ಚೆನ್ನಾಗಿದೆ. ಅರಸ ಲೂಯಿಸ್ ಕೂಡ ಆರೋಗ್ಯವಾಗಿದ್ದಾರೆ ಅಂತ ನಂಬಿದ್ದೇನೆ.

ಒನೋಫ್ರೆ

ಮತ್ತೆ, ಫೆಬ್ರವರಿ 4ರವರೆಗೆ ದಯವಿಟ್ಟು ಏನೂ ಬರೆಯಬೇಡ.


ಸಾನ್ ರೋಕೆ
20 ಫೆಬ್ರವರಿ 1725

ಅಕ್ಕಾ,

ಸರಿ. ಬಂದಿತ್ತು. ಓದಿದೆ. ಬೈಯಿ, ಎಷ್ಟು ಬೇಕೋ ಅಷ್ಟು ಬೈಯಿ. ಆದರೆ ಮೊದಲು ಪೂರ್ತಿ ಕೇಳು.

ಬಾಯಿ ಮುಚ್ಚಿಕೊಂಡಿರೋದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ, ನೀನು ಹುಟ್ಟಿನಿಂದ ಮಾತು ನುಂಗೋಳು. ಮಾತಾಡಿದರೆ ಜಾರುತ್ತೆ ಅಂತ ಯಾರ ಜೊತೆಗೂ ಜಗಳ ಆಡಲಿಲ್ಲ. ಮಿಕಾಯೆಲಾ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಮತ್ತೆ ಯಾಕೋ ಯಾರಿಗೂ ಬೈತಿಲ್ಲ?"

"ಅಭ್ಯಾಸ ಮಾಡ್ಕೊಳ್ತಿದ್ದೀನಿ, ಗಂಡ ಆಗೋಕೆ" ಅಂದೆ. ಅವಳು ವಿಚಿತ್ರವಾಗಿ ನಕ್ಕಳು. ಆಗ ಅರ್ಥ ಆಗಲಿಲ್ಲ.

ಭಾನುವಾರ ಬಂತು. ಚೌಕ ತುಂಬ ಜನ. ಡಾನ್ ಕಾಸಿಮಿರೊ ಅಜ್ಜನ ಕಾಲದ ಮಖಮಲ್ ಕೋಟು ಹಾಕಿ ಅಟ್ಟಣಿಗೆ ಹತ್ತಿದರು. ಆ ಬೆಳ್ಳುಳ್ಳಿ ಬಾವುಟ ಎತ್ತಿದರು. ಮೂರು ಸಲ ಕೂಗಬೇಕು, ಅದು ಕ್ರಮ. ಮೊದಲ ಸಲ, ಅಲ್ಲಿನ ಸ್ಪೇನ್ ಇಲ್ಲಿನ ನಾಡು ಎರಡರ ಹೆಸರೂ ಹಿಡಿದು ಕೂಗಿದರು, "ಕಾಸ್ತೀಲ್ ಮತ್ತು ಇಂಡೀಸ್, ನಮ್ಮ ಒಡೆಯ ಲೂಯಿಸ್ ಅರಸರಿಗೆ!" ಜನ "ಚಿರಾಯು!" ಅಂದರು. ಎರಡನೇ ಸಲವೂ ಸರಿಹೋಯ್ತು. ಮೂರನೇ ಸಲ ಕಣ್ಣಲ್ಲಿ ನೀರು ತುಂಬಿಕೊಂಡು, ಗಂಟಲು ಹರಿಯೋ ಹಾಗೆ ಕೂಗಿದರು.

"ನಮ್ಮ ಒಡೆಯ ಲೂಯಿಸ್ ಅರಸರಿಗೆ, ಅವರ ಆತ್ಮಕ್ಕೆ ಶಾಂತಿ ಸಿಗಲಿ!"

"ಆಮೆನ್!" ಅಂತು ಇಡೀ ಊರು.

ಡಾನ್ ಕಾಸಿಮಿರೊ ಕೈಯಲ್ಲಿದ್ದ ಬಾವುಟ ಅರ್ಧಕ್ಕೆ ಇಳೀತು.

ಅಕ್ಕಾ, ನಾನೂ ಆಮೆನ್ ಅಂದಿದ್ದೆ. ಬಾಯಿಂದ ಬಿದ್ದುಹೋಗಿತ್ತು. ತಲೆ ಎತ್ತಿ ನೋಡ್ತೀನಿ, ಮಾಂಸದಂಗಡಿಯವನು ಚಪ್ಪಲಿ ನೋಡ್ತಿದ್ದಾನೆ, ಪಾದ್ರಿ ಆಕಾಶ ನೋಡ್ತಿದ್ದಾರೆ, ಮುದುಕಿ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾ ಅಲುಗಾಡ್ತಿದ್ದಾಳೆ. ಎಲ್ಲರಿಗೂ ಗೊತ್ತಿತ್ತು! ಕುರಿ ಕಾಯೋನಿಗೂ ಗೊತ್ತಿತ್ತು!

"ಅಂದರೆ," ಅಂದರು ಪಾದ್ರಿ, "ಅವರ ಆಳ್ವಿಕೆಯಲ್ಲಿ ನಮ್ಮೆಲ್ಲರ ಆತ್ಮಕ್ಕೆ ಶಾಂತಿ ಸಿಗಲಿ ಅಂತ."

"ಹೌದೌದು! ಚಿರಾಯು! ಚಿರಾಯು!" ಅಂತ ಜನ ಗಂಟಲು ಹರಿದುಕೊಂಡರು. ನಾನು ಓಡಿಹೋಗಿ ಇದ್ದಬದ್ದ ಬಾಣಕ್ಕೆಲ್ಲ ಒಟ್ಟಿಗೆ ಬೆಂಕಿ ಇಟ್ಟೆ. ಗೂಳಿ ಹೆದರಿ ಚರ್ಚಿನೊಳಗೆ ನುಗ್ಗಿತು. ಅದನ್ನು ಹೊರಗೆ ಎಳೆದ ಮೇಲೆ ನನ್ನ ಮದುವೆ.

ಅಂಥ ಮದುವೆ ನೀನು ನೋಡಿರಲ್ಲ. ಸರ್ಕಾರಿ ಸವಾರ ಬಂದುಬಿಟ್ಟಾನು ಅಂತ ಪಾದ್ರಿ ಪ್ರತಿ ಮಾತಿಗೂ ಬಾಗಿಲ ಕಡೆ ನೋಡ್ತಿದ್ದರು. ಸಾಂತಾ ಫೆ ದಾರಿಯಲ್ಲಿ ಧೂಳು ಎದ್ದಿತು. ಇಡೀ ಚರ್ಚು ಕುತ್ತಿಗೆ ತಿರುಗಿಸಿತು. "ಒನೋಫ್ರೆ, ಇವಳನ್ನು..." ಅಂತ ಪಾದ್ರಿ ಶುರು ಮಾಡಿದರು. "ಆಯ್ತು!" ಅಂದೆ. "ಮಿಕಾಯೆಲಾ, ನೀನು..." "ಆಯ್ತು, ಆಯ್ತು!" ಅಂದಳು. ಉಂಗುರ ತಪ್ಪು ಬೆರಳಿಗೆ ಹೋಯ್ತು. ಧೂಳಲ್ಲಿ ಬಂದದ್ದು ದನ.

ಊಟಕ್ಕೆ ಕೂತಾಗ ಅವಳನ್ನು ಕೇಳಿದೆ. "ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನ ಕಾಗದ ನಿನಗೆ ಮುಟ್ಟೋ ಮೊದಲೇ. ಕಾಗದ ನೆನೆದು ಹೋದ್ರೆ ಅಂತ ನಿಮ್ಮಕ್ಕ ಸೆರಾಪಿಯೊಗೆ ಬಾಯಲ್ಲೂ ಹೇಳಿ ಕಳಿಸಿದ್ರಂತೆ. ಅವನು ದಾರಿಯುದ್ದಕ್ಕೂ ಹೇಳ್ಕೊಂಡು ಬಂದ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ನೀನು ಹೇಳಿದ್ಯಾ?"

"ನಾನು ಹೇಳಿದ್ರೆ ಮದುವೆ ನಿಲ್ತಿತ್ತು!"

"ನಾನು ನಿಂಗೆ ಹೇಳಿದ್ರೆ ನೀನು ಪೂಜೇಲಿ ಕೂಗ್ತಿದ್ದೆ" ಅಂದಳು.

ನನಗೆ ಆಶ್ಚರ್ಯ ಆದದ್ದು ಮಾವನದ್ದು. ಅರಸ ಅಂದರೆ ಪ್ರಾಣ ಬಿಡೋ ಮನುಷ್ಯ, ಗೊತ್ತಿದ್ದೂ ಹೇಗೆ ಕೂಗಿದರು? ನೇರವಾಗಿ ಕೇಳಿದೆ. ಚಿಚಾ ಲೋಟ ಕೆಳಗಿಟ್ಟರು.

"ನಮ್ಮಪ್ಪ ಕಾರ್ಲೋಸ್ ಅರಸರಿಗೆ ಏರಿಸಿದ್ರು. ಫೆಲಿಪೆ ಬಂದಾಗ ನಾನು ಕಾಲು ಮುರ್ಕೊಂಡು ಮಲಗಿದ್ದೆ, ನನ್ನ ತಮ್ಮ ಏರಿಸಿದ. ಇಪ್ಪತ್ತನಾಲ್ಕು ವರ್ಷ ಆ ಬಾವುಟದ ಜಿರಳೆ ಹೊಡೆದಿದ್ದು ನಾನು. ಈಗ ಹಳೇ ಅರಸರೇ ವಾಪಸ್ ಬಂದಿದ್ದಾರೆ ಅಂದ್ರೆ ಅವರಿಗೆ ಇನ್ನೊಂದ್ಸಲ ಏರಿಸೋ ಹಾಗಿಲ್ಲ. ಮುಂದಿನವರು ಬರೋ ಹೊತ್ತಿಗೆ ನಾನಿರ್ತೀನಾ? ಹೇಳೋ."

ನಾನು ಅವರ ಲೋಟ ತುಂಬಿಸಿದೆ.

ಸರ್ಕಾರಿ ಕಾಗದ ಮುಂದಿನ ಶುಕ್ರವಾರ ಬಂತು. ಆಹಾ, ಆಗ ನೋಡಬೇಕಿತ್ತು ನಮ್ಮೂರ ಆಶ್ಚರ್ಯ! ಮಾಂಸದಂಗಡಿಯವನು "ಏನು? ಏನಂದ್ರಿ? ಯಾರು?" ಅಂತ ಮೂರು ಸಲ ಕೇಳಿದ. ಒಬ್ಬಳು ಮೂರ್ಛೆ ಬಿದ್ದಳು, ಆದರೆ ಬೀಳೋ ಮೊದಲು ಕುರ್ಚಿ ಎಳೆದುಕೊಂಡಳು. ಈ ಸಲ ಡಾನ್ ಕಾಸಿಮಿರೊ ಕೊನೇ ಹಾಳೆವರೆಗೂ ಓದಿದರು. ಕೊನೆಯ ಹಾಳೆಯಲ್ಲಿ ವಯಸ್ಸು ಇತ್ತು. "ಹದಿನೇಳು ತುಂಬಿದ್ದ ನಮ್ಮ ಪ್ರೀತಿಯ ಮಗ."

ಅದು ಯಾರಿಗೂ ಗೊತ್ತಿರಲಿಲ್ಲ. ನಟನೆ ನಿಂತುಹೋಯ್ತು.

ಹದಿನೇಳು, ಅಕ್ಕಾ. ನನಗಿಂತ ಚಿಕ್ಕವನು. ಅರಸ ಅಂದರೆ ಗಡ್ಡದವನು, ಹೊಟ್ಟೆಯವನು ಅಂದುಕೊಂಡೇ ನಾನು ಆಗಸ್ಟಿನಿಂದ ಬೈತಿದ್ದೆ. ನಾವು ಅವನಿಗೆ ಚಿರಾಯು ಅಂತ ಕೂಗಿದ ದಿನ ಅವನ ಮೇಲೆ ಐದು ತಿಂಗಳ ಮಣ್ಣು. ಅವನ ಹೆಂಡತಿ ನನ್ನ ಮಿಕಾಯೆಲಾಗಿಂತಲೂ ಚಿಕ್ಕವಳಂತೆ.

ಮರುದಿನ ಊರಸಭೆ. ಮತ್ತೆ ಆರು ತಿಂಗಳ ಸೂತಕ, ಕುಣಿತ ಇಲ್ಲ, ಹಾಡಿಲ್ಲ, ಕತ್ತಲಾದ ಮೇಲೆ ಬಾಗಿಲು ಕಿಟಕಿ ಮುಚ್ಚಿ ಮನೆಯಲ್ಲಿರಬೇಕು. ಡಾನ್ ಕಾಸಿಮಿರೊ ಒಂದು ಉಪಾಯ ಹೇಳಿದರು. "ಹೋದ ವರ್ಷ ಫೆಲಿಪೆ ಅರಸರಿಗೆ ಅಂತ ತಪ್ಪಿ ಸೂತಕ ಮಾಡಿದ್ವಲ್ಲ, ಅದನ್ನ ಇದರಲ್ಲಿ ವಜಾ ಮಾಡ್ಕೊಳ್ಳೋಣ. ಮೂರು ತಿಂಗಳು ಸಾಕು." ಎಲ್ಲರೂ ತಲೆ ಆಡಿಸಿದರು.

ನಾನು ಎದ್ದು ನಿಂತೆ. "ಆಗಲ್ಲ."

"ಏನಾಗಲ್ಲ?"

"ಅದು ಅಪ್ಪನಿಗೆ ಮಾಡಿದ್ದು. ಇದು ಹುಡುಗಂದು. ಅವನ ಆರು ತಿಂಗಳು ಅವನಿಗೆ ಪೂರ್ತಿ ಕೊಡಿ. ನಾವು ಅವನಿಗೆ ಬೇರೇನೂ ಕೊಟ್ಟಿಲ್ಲ."

ಮಾಂಸದಂಗಡಿಯವನು ಕೆಮ್ಮಿದ. "ಹೊಸಾ ಮದುವೆ. ಕತ್ತಲಾದ ಕೂಡಲೇ ಬಾಗಿಲು ಹಾಕ್ಕೊಂಡು ಮನೇಲಿರು ಅಂತ ಕಾನೂನೇ ಹೇಳಿದ್ರೆ ಯಾವನು ಬೇಡ ಅಂತಾನೆ?" ಸಭೆ ಬಿದ್ದು ಬಿದ್ದು ನಕ್ಕಿತು. ಪಾದ್ರಿಯೂ ನಕ್ಕರು.

ನಗಲಿ. ಅದೂ ನಿಜವೇ. ಆದರೆ ನಾನು ಅಂದದ್ದು ಸುಳ್ಳಲ್ಲ ಅಂತ ನಿನಗಾದರೂ ಗೊತ್ತಿರಲಿ. ಆರು ತಿಂಗಳು ಅಂತಲೇ ತೀರ್ಮಾನ ಆಯ್ತು.

ಈಗ ದೀಪ ಹಚ್ಚೋ ಹೊತ್ತು. ಮಿಕಾಯೆಲಾ ಕಿಟಕಿ ಮುಚ್ಚಿ ಕಾನೂನು, ಕಾನೂನು ಅಂತ ಕರೀತಿದ್ದಾಳೆ.

ಒನೋಫ್ರೆ


ಕಾರ್ತಹೇನಾ
2 ಏಪ್ರಿಲ್ 1725

ನನ್ನ ತಮ್ಮಾ,

ಸಿಡುಬಿನ ವಿಷಯ ಏನೂ ಗೊತ್ತಿಲ್ಲದ ನಿನ್ನ ಕಾಗದ ಮೊದಲು ಬಂತು. ಓದಿ ಕೋಪದಲ್ಲಿ ಒಂದು ಮಡಕೆ ಒಡೆದೆ. ಮದುವೆಯ ಕಾಗದ ಆಮೇಲೆ ಬಂತು. ಅದನ್ನು ಅಡುಗೆಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಗೂಳಿ ಚರ್ಚಿಗೆ ನುಗ್ಗಿದ್ದನ್ನು ಎರಡು ಸಲ ಓದಿಸಿದರು. ಹುಡುಗನ ವಯಸ್ಸಿನ ಹತ್ತಿರ ಬಂದಾಗ ನಾನೇ ನಿಲ್ಲಿಸಿದೆ.

ನೀನು ಮಾಡಿದ್ದು ಪಾಪವೇ. ಪಾದ್ರಿಯ ಹತ್ತಿರ ಹೇಳಿಕೋ. ಅವರೂ ಯಾರ ಹತ್ತಿರವಾದರೂ ಹೇಳಿಕೊಳ್ಳಲಿ.

ನಿನ್ನೆ ಈಸ್ಟರ್. ಬೆಳಿಗ್ಗೆ ಸ್ಪೇನಿನ ಕಾದಿಸ್‌ನಿಂದ ಹಡಗು ಬಂತು. ಮಧ್ಯಾಹ್ನ ಕಪ್ತಾನ ಊಟಕ್ಕೆ ಬಂದ. ಕುರಿಮಾಂಸ ಬಡಿಸುತ್ತಿದ್ದೆ. ನನ್ನ ಕಡೆ ತಿರುಗಿ, "ಲಿಯೊಕಾದಿಯಾ, ಅರಮನೆಯ ಒಂದು ಸುದ್ದಿ ಕೇಳಿದ್ರೆ ನೀನು..." ಅಂತ ಬಾಯಿ ತೆರೆದ.

ಸಾರು ಉಕ್ಕುತ್ತಿದೆ ಅಂತ ಒಳಗೆ ಓಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅಕ್ಕ